ಹೆಸರು ಹೇಳಿ ಹಾಡು ಮುಗಿಸಿದ ಗೌಹರ್ ಜಾನ್

ಸಿಂಧನೂರು: ಭಾರತೀಯ ಸಂಗೀತವನ್ನು ಗ್ರಾಮಫೋನ್ ತಟ್ಟೆಯ ಮೂಲಕ ದೇಶದ ಮೂಲೆಮೂಲೆಗೆ ಮುಟ್ಟಿಸಿದವರಲ್ಲಿ ಗೌಹರ್ ಜಾನ್ ಅವರದು ಅಗ್ರಗಣ್ಯ ಹೆಸರು. ಅರ್ಮೇನಿಯನ್ ಮೂಲದ ತಂದೆಯ ಮಗಳಾಗಿ ಉತ್ತರ ಭಾರತದಲ್ಲಿ ಹುಟ್ಟಿದ ಅವರು ಕಲ್ಕತ್ತೆಯಲ್ಲಿ ಕೀರ್ತಿಯ ಶಿಖರವನ್ನು ಏರಿ, ಕೊನೆಯುಸಿರೆಳೆದದ್ದು ಕನ್ನಡದ ನೆಲವಾದ ಮೈಸೂರಿನಲ್ಲಿ. ಆಗ ಅವರಿಗೆ 56 ವರ್ಷ. ದಿನಾಂಕ 1930ರ ಜನವರಿ 17.

ಸಂಗೀತ ಕಚೇರಿಗೆ ಸಂಭಾವನೆ ನಿಗದಿ ಮಾಡುವುದು, ಕಂಪನಿಗಳೊಡನೆ ವ್ಯವಹರಿಸುವುದು, ಕಲಾವಿದರ ಹೆಸರನ್ನು ಜನರಿಗೆ ತಲುಪಿಸುವುದು ಇಂದು ಒಂದು ಪ್ರತ್ಯೇಕ ವೃತ್ತಿಯೇ ಆಗಿದೆ. ಅದನ್ನು ಕಲಾ ನಿರ್ವಹಣೆ ಎಂದು ಕರೆಯುತ್ತಾರೆ. ಅಂಥ ಮಾತೇ ಹುಟ್ಟದ ಕಾಲದಲ್ಲಿ, ಮಹಿಳೆಯೊಬ್ಬರು ಈ ಎಲ್ಲ ಕೆಲಸಗಳನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಆದರೆ ತಮ್ಮ ಕಲೆಯನ್ನು ಅಷ್ಟು ಜಾಣ್ಮೆಯಿಂದ ನಿರ್ವಹಿಸಿದವರಿಗೆ ತಮ್ಮ ಮನೆಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಗೌಹರ್ ಜಾನ್ ಅವರ ಜೀವನದ ಸಾಧನೆ ಮತ್ತು ದುರಂತ ಎರಡೂ ಈ ಒಂದು ಮಾತಿನಲ್ಲಿ ಅಡಗಿವೆ.

ಅರ್ಮೇನಿಯನ್ನರು ಮತ್ತು ಭಾರತ

ಅರ್ಮೇನಿಯನ್ನರು ವ್ಯಾಪಾರಕ್ಕಾಗಿ ಭಾರತಕ್ಕೆ ಬಂದು ಹಲವು ನಗರಗಳಲ್ಲಿ ನೆಲೆಸಿದ ಜನ. ಕಲ್ಕತ್ತೆಯಲ್ಲಿ ಅವರು 1724ರಲ್ಲಿ ಕಟ್ಟಿದ ಚರ್ಚು ಇಂದಿಗೂ ಇದೆ. ಮದ್ರಾಸಿನ ಅರ್ಮೇನಿಯನ್ ಬೀದಿ ಅವರ ನೆನಪನ್ನು ಉಳಿಸಿಕೊಂಡಿದೆ. ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಭಾಷೆಯ ಪತ್ರಿಕೆ ಹೊರಬಂದದ್ದು ಸಹ ಮದ್ರಾಸಿನಿಂದಲೇ, 1794ರಲ್ಲಿ. ಲಿಂಗಸುಗೂರು, ಸಿಂಧನೂರು, ಮಸ್ಕಿಗಳನ್ನು ಒಳಗೊಂಡ ನಮ್ಮ ಭಾಗವು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಹೈದರಾಬಾದಿನ ಉಪ್ಪುಗುಡದಲ್ಲಿಯೂ ಅರ್ಮೇನಿಯನ್ನರ ಹಳೆಯ ಸಮಾಧಿಗಳಿವೆ. ಸಂಖ್ಯೆಯಲ್ಲಿ ಅತ್ಯಲ್ಪರಾದರೂ ಹೋದಲ್ಲೆಲ್ಲ ಒಂದು ಗುರುತು ಬಿಟ್ಟುಹೋದವರು ಅವರು.

ಅಂಥ ಸಮುದಾಯಕ್ಕೆ ಸೇರಿದ ವಿಲಿಯಂ ರಾಬರ್ಟ್ ಯೋವರ್ಡ್ ಎಂಬ ಇಂಜಿನಿಯರ್ ಇಂದಿನ ಉತ್ತರ ಪ್ರದೇಶದ ಅಜಂಗಢದಲ್ಲಿ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1872ರಲ್ಲಿ ಅವರು ವಿಕ್ಟೋರಿಯಾ ಹೆಮ್ಮಿಂಗ್ಸ್ ಎಂಬ ತರುಣಿಯನ್ನು ವಿವಾಹವಾದರು. ವಿಕ್ಟೋರಿಯಾ ಅವರ ತಂದೆ ಬ್ರಿಟಿಷರು, ತಾಯಿ ರುಕ್ಮಿಣಿ ಭಾರತೀಯರು. ಸಂಗೀತ, ನೃತ್ಯಗಳಲ್ಲಿ ಅವರಿಗೆ ಒಳ್ಳೆಯ ಅಭಿರುಚಿಯಿತ್ತು. ಈ ದಂಪತಿಗೆ 1873ರ ಜೂನ್ 26ರಂದು ಜನಿಸಿದ ಮಗಳಿಗೆ ಏಂಜಲಿನಾ ಎಂದು ಹೆಸರಿಟ್ಟರು.

ದಾಂಪತ್ಯ ಬಹುಕಾಲ ಬಾಳಲಿಲ್ಲ. 1879ರಲ್ಲಿ ವಿಚ್ಛೇದನವಾಯಿತು. ಆರು ವರ್ಷದ ಮಗಳೊಡನೆ ತಾಯಿ ನಿರ್ಗತಿಕರಾದರು. ಖುರ್ಷಿದ್ ಎಂಬ ಮುಸ್ಲಿಂ ಗೃಹಸ್ಥರ ಆಶ್ರಯದಲ್ಲಿ 1881ರ ಸುಮಾರಿಗೆ ಅವರು ಬನಾರಸ್ ಸೇರಿದರು. ಅಲ್ಲಿ ತಾಯಿ-ಮಗಳು ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು. ಏಂಜಲಿನಾ ಗೌಹರ್ ಜಾನ್ ಆದರು. ಗೌಹರ್ ಎಂದರೆ ರತ್ನ ಎಂದರ್ಥ. ಅದೇ ಹೆಸರಿನ ಇತರ ಗಾಯಕಿಯರೂ ಇದ್ದುದರಿಂದ ತಾಯಿಯನ್ನು ಬಡೀ ಮಲ್ಕಾ ಜಾನ್ ಎಂದು ಕರೆಯುವುದು ರೂಢಿಯಾಯಿತು.

ಕಲ್ಕತ್ತೆಯ ದಿನಗಳು

ಬನಾರಸ್ ಅಂದು ಠುಮ್ರಿ, ಕಜರಿ, ಚೈತಿಗಳ ತವರು. ಅಲ್ಲಿ ತಾಯಿ ತವಾಯಫ್ ವೃತ್ತಿಯಲ್ಲಿ ಹೆಸರು ಮಾಡಿದರು. ತವಾಯಫ್ ಎಂದರೆ ಕೇವಲ ನರ್ತಕಿ ಎಂದು ತಿಳಿಯುವುದು ತಪ್ಪು. ಸಂಗೀತ, ನೃತ್ಯ, ಉರ್ದು ಕಾವ್ಯ ಮತ್ತು ಸಭಾ ಮರ್ಯಾದೆಗಳಲ್ಲಿ ವರ್ಷಗಟ್ಟಲೆ ತರಬೇತಿ ಪಡೆದ ವಿದ್ಯಾವಂತ ಮಹಿಳೆಯರು ಅವರು. ಸ್ವಂತ ಆಸ್ತಿ, ಸ್ವಂತ ಸಂಪಾದನೆ ಅವರಿಗಿತ್ತು. ಆದರೆ ಸಮಾಜ ಅವರ ಹಾಡಿಗೆ ತಲೆದೂಗುತ್ತಿತ್ತೇ ಹೊರತು ಅವರನ್ನು ಸಮಾನರೆಂದು ಎಣಿಸುತ್ತಿರಲಿಲ್ಲ. ನಮ್ಮ ನಾಡಿನ ಕಲಾವಂತ ಮನೆತನಗಳ ಗಾಯಕಿಯರ ಪಾಡೂ ಇದಕ್ಕಿಂತ ಬೇರೆಯಾಗಿರಲಿಲ್ಲ.

1883ರಲ್ಲಿ ತಾಯಿ-ಮಗಳು ಕಲ್ಕತ್ತೆಗೆ ಬಂದರು. ಬ್ರಿಟಿಷರು ಅವಧ್ ರಾಜ್ಯವನ್ನು ಕಿತ್ತುಕೊಂಡ ಬಳಿಕ ನವಾಬ ವಾಜಿದ್ ಅಲಿ ಷಾ ಆ ನಗರದ ಮಟಿಯಾಬುರ್ಜಿನಲ್ಲಿ ನೆಲೆಸಿದ್ದರು. ರಾಜ್ಯ ಹೋದರೂ ಅವರ ಸಂಗೀತ ಪ್ರೇಮ ಹೋಗಿರಲಿಲ್ಲ. ಅವರ ಆಸ್ಥಾನದಲ್ಲಿ ಮಲ್ಕಾ ಜಾನ್‌ಗೆ ಮನ್ನಣೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ 40,000 ರೂಪಾಯಿ ಕೊಟ್ಟು ಅವರು ಸ್ವಂತ ಕಟ್ಟಡವನ್ನೇ ಕೊಂಡರು. ಗಂಡ ಬಿಟ್ಟ ಹೆಣ್ಣೊಬ್ಬಳು ಹಾಡಿನಿಂದಲೇ ಅಂದಿನ ಕಾಲದಲ್ಲಿ ಅಷ್ಟು ಹಣ ಕೂಡಿಸಿದ್ದಳು ಎಂಬುದು ಗಮನಾರ್ಹ.

ಮಗಳ ಶಿಕ್ಷಣಕ್ಕೆ ತಾಯಿ ಕೊರತೆ ಮಾಡಲಿಲ್ಲ. ಪಟಿಯಾಲದ ಕಾಲೇ ಖಾನ್, ರಾಂಪುರದ ವಜೀರ್ ಖಾನ್, ಅಲಿ ಬಕ್ಷ್ ಅವರಂಥ ಉಸ್ತಾದರಲ್ಲಿ ಗೌಹರ್ ಖಯಾಲ್ ಮತ್ತು ಠುಮ್ರಿ ಕಲಿತರು. ಕಥಕ್‌ನ ಮಹಾಗುರು ಬಿಂದಾದೀನ್ ಮಹಾರಾಜರ ಬಳಿ ನೃತ್ಯಾಭ್ಯಾಸ ಮಾಡಿದರು. ಶ್ರೀಜಾನ್‌ಬಾಯಿ ಅವರಿಂದ ಧ್ರುಪದ-ಧಮಾರ್, ಚರಣದಾಸರಿಂದ ಬಂಗಾಳಿ ಕೀರ್ತನೆ ಕಲಿತರು. ಹಮ್‌ದಮ್ ಎಂಬ ಅಂಕಿತದಲ್ಲಿ ಗಜಲ್‌ಗಳನ್ನು ಸಹ ರಚಿಸಿದರು. 1887ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ದರ್ಭಂಗಾ ಮಹಾರಾಜರ ಆಸ್ಥಾನದಲ್ಲಿ ಅವರ ಮೊದಲ ಕಚೇರಿ ನಡೆಯಿತು. ಅಲ್ಲಿಂದ ಮುಂದೆ ಅವರು ಹಿಂತಿರುಗಿ ನೋಡಲಿಲ್ಲ.

ಮೂರು ನಿಮಿಷದ ತಟ್ಟೆ

1902ರ ನವೆಂಬರ್ ತಿಂಗಳಲ್ಲಿ ಭಾರತೀಯ ಸಂಗೀತದ ಇತಿಹಾಸಕ್ಕೆ ತಿರುವು ಕೊಟ್ಟ ಘಟನೆ ನಡೆಯಿತು. ಲಂಡನ್ನಿನ ಗ್ರಾಮಫೋನ್ ಕಂಪನಿ ಪೂರ್ವ ದೇಶಗಳ ಸಂಗೀತವನ್ನು ಮುದ್ರಿಸಿಕೊಳ್ಳಲು ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಕಳುಹಿಸಿತ್ತು. ಕಲ್ಕತ್ತೆಯ ಹೋಟೆಲೊಂದರ ಕೊಠಡಿಯಲ್ಲಿ ಆತ ತನ್ನ ಯಂತ್ರವನ್ನು ಹೂಡಿದ. ಮೊದಲು ಅದರ ಮುಂದೆ ಹಾಡಿದವರು ನಾಟಕ ಕಂಪನಿಯ ಇಬ್ಬರು ಯುವತಿಯರು, ಶಶಿಮುಖಿ ಮತ್ತು ಫಣಿಬಾಲಾ. ಕೆಲವೇ ದಿನಗಳಲ್ಲಿ ಗೌಹರ್ ಜಾನ್ ಬಂದರು. ಆಗ ಅವರಿಗೆ 29 ವರ್ಷ. ಆ ಯಂತ್ರಕ್ಕೆ ತಕ್ಕ ಕಂಠ ಸಿಕ್ಕಿದ್ದು ಅಂದೇ ಎನ್ನಬೇಕು.

ಅಂದು ಮೈಕ್ ಇರಲಿಲ್ಲ. ವಿದ್ಯುತ್ತಿನ ಸಹಾಯದಿಂದ ಧ್ವನಿ ಮುದ್ರಿಸುವ ಕ್ರಮ ಬಂದದ್ದು 1925ರ ನಂತರ. ಗೋಡೆಗೆ ಹೊಂದಿಸಿದ ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಗಾಯಕರು ಗಟ್ಟಿಯಾಗಿ ಹಾಡಬೇಕಿತ್ತು. ಆ ಧ್ವನಿಯ ಒತ್ತಡಕ್ಕೆ ಅದುರುವ ಸೂಜಿ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಕತ್ತು ಅತ್ತಿತ್ತ ಹೊರಳಿಸುವಂತಿಲ್ಲ, ಕೈಯಾಡಿಸಿ ಭಾವ ತೋರುವಂತಿಲ್ಲ, ತಪ್ಪಿದರೆ ತಿದ್ದುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಸಮಯದ ಮಿತಿ. ತಟ್ಟೆಯ ಮೇಲೆ ಇದ್ದ ಅವಕಾಶ ಸುಮಾರು ಮೂರು ನಿಮಿಷ ಮಾತ್ರ.

ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುವ ಉಸ್ತಾದರಿಗೆ ಇದು ಅಪಚಾರವಾಗಿ ಕಂಡಿತು. ಯಂತ್ರಕ್ಕೆ ಹಾಡಿದರೆ ಕಂಠ ಹೋಗುತ್ತದೆ ಎಂಬ ಭಯವೂ ಅನೇಕರಲ್ಲಿತ್ತು. ಗೌಹರ್ ಜಾನ್ ಹೆದರಲಿಲ್ಲ. ರಾಗದ ಸ್ವರೂಪವನ್ನು ಎರಡು ಎಳೆಗಳಲ್ಲಿ ತೋರಿಸಿ, ಸ್ಥಾಯಿ-ಅಂತರಾಗಳನ್ನು ಹಾಡಿ, ಚುರುಕಾದ ತಾನುಗಳಿಂದ ಮುಕ್ತಾಯಗೊಳಿಸುವ ಒಂದು ಅಚ್ಚುಕಟ್ಟಾದ ಕ್ರಮವನ್ನು ಅವರು ರೂಪಿಸಿಕೊಂಡರು. ಮುಂದಿನ ದಶಕಗಳಲ್ಲಿ 78 ಸುತ್ತಿನ ತಟ್ಟೆಗಳಿಗೆ ಹಾಡಿದವರೆಲ್ಲ ಹೆಚ್ಚುಕಡಿಮೆ ಇದೇ ದಾರಿಯನ್ನು ಹಿಡಿದರು.

ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಘೋಷಿಸುತ್ತಿದ್ದರು. ಇದಕ್ಕೆ ಒಂದು ವ್ಯಾವಹಾರಿಕ ಕಾರಣವಿತ್ತು. ಮೇಣದ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ ಅಲ್ಲಿ ಅಚ್ಚು ಹಾಕಿಸಲಾಗುತ್ತಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದ್ದೆಂದು ಗೊತ್ತಾಗಿ ಸರಿಯಾದ ಚೀಟಿ ಅಂಟಿಸಲು ಈ ಘೋಷಣೆ ಬೇಕಿತ್ತು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಂಪನಿಯ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಆದರೆ ಕೇಳುಗರಿಗೆ ಈ ಕಾರಣ ತಿಳಿದಿರಲಿಲ್ಲ. ತವಾಯಫ್ ಒಬ್ಬಳು ಯಾರ ಮಗಳೆಂದಾಗಲಿ, ಯಾರ ಆಶ್ರಿತಳೆಂದಾಗಲಿ ಹೇಳದೆ ತನ್ನ ಹೆಸರನ್ನು ತಾನೇ ಸಾರುವ ಧ್ವನಿಯಾಗಿ ಅದು ಅವರಿಗೆ ಕೇಳಿಸಿತು.

ನಮ್ಮ ಮಸ್ಕಿಯ ಓದುಗರಿಗೆ ಹೆಸರಿನ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ದೇವಾನಾಂಪ್ರಿಯ ಎಂಬ ಬಿರುದಿನ ಶಾಸನಗಳು ದೇಶದ ಎಷ್ಟೋ ಕಡೆ ಸಿಕ್ಕಿದ್ದರೂ, ಆ ಬಿರುದಿನೊಡನೆ ಅಶೋಕ ಎಂಬ ಹೆಸರನ್ನು ಮೊದಲು ತೋರಿಸಿಕೊಟ್ಟದ್ದು 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆ. ಹೆಸರು ಇದ್ದುದರಿಂದಲೇ ಅದು ಇತಿಹಾಸದ ದಾರಿದೀಪವಾಯಿತು. ಆ ಕಾಲದ ಎಷ್ಟೋ ತಟ್ಟೆಗಳ ಚೀಟಿ ಇಂದು ಸವೆದುಹೋಗಿದೆ. ಗೌಹರ್ ಅವರ ತಟ್ಟೆಯನ್ನು ಗುರುತಿಸಲು ಚೀಟಿಯೇ ಬೇಕಾಗಿಲ್ಲ.

ತನ್ನ ಕಲೆಗೆ ತಾನೇ ಬೆಲೆ ಕಟ್ಟಿದವರು

1902ರಿಂದ 1920ರವರೆಗೆ ಗೌಹರ್ ಜಾನ್ ಅವರು ಸುಮಾರು 600 ಧ್ವನಿಮುದ್ರಿಕೆಗಳನ್ನು ನೀಡಿದರು. ಹಿಂದಿ, ಉರ್ದು, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪರ್ಷಿಯನ್, ಇಂಗ್ಲಿಷ್ ಸೇರಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರು ಹಾಡಿದ್ದಾರೆ. ಒಂದು ಸಲದ ಮುದ್ರಣಕ್ಕೆ 3,000 ರೂಪಾಯಿ ಪಡೆಯುತ್ತಿದ್ದರು ಎಂದು ಹೇಳಲಾಗುತ್ತದೆ. ಚಿನ್ನದ ಬೆಲೆ ತೊಲಕ್ಕೆ ಇಪ್ಪತ್ತು-ಇಪ್ಪತ್ತೈದು ರೂಪಾಯಿ ಇದ್ದ ಕಾಲವದು ಎಂಬುದನ್ನು ನೆನೆದರೆ ಆ ಮೊತ್ತದ ತೂಕ ಅರ್ಥವಾದೀತು.

ಈ ಬೆಲೆಯನ್ನು ಯಾರೂ ದಯೆಯಿಂದ ಕೊಟ್ಟದ್ದಲ್ಲ. ಯಂತ್ರ ಕಂಪನಿಯದ್ದು, ಆದರೆ ತಟ್ಟೆ ಮಾರಾಟವಾಗುವುದು ತಮ್ಮ ಹೆಸರಿನಿಂದ ಎಂಬ ಸತ್ಯವನ್ನು ಗೌಹರ್ ಬೇಗನೆ ಅರಿತರು. ಪ್ರತಿ ಮುದ್ರಣಕ್ಕೂ ಹೊಸ ಉಡುಪು, ಹೊಸ ಆಭರಣ ತೊಟ್ಟು ಬರುತ್ತಿದ್ದರು ಎಂದು ಗೈಸ್‌ಬರ್ಗ್ ನೆನೆದಿದ್ದಾರೆ. ಕೊಳವೆಗೆ ಉಡುಪು ಕಾಣದು. ಆದರೆ ಹಣ ಕೊಡುವವರಿಗೆ ಕಾಣುತ್ತದೆ. ಅವರ ಭಾವಚಿತ್ರವಿರುವ ಅಂಚೆ ಕಾರ್ಡುಗಳು, ಬೆಂಕಿಪೊಟ್ಟಣಗಳು ಪೇಟೆಗೆ ಬಂದವು. ಹಾಡಿಗಿಂತ ಮೊದಲು ಹೆಸರು ಊರು ಸೇರುತ್ತಿತ್ತು.

ಅವರ ವೈಭವದ ಬಗ್ಗೆ ಹಬ್ಬಿದ ಕಥೆಗಳು ಒಂದೆರಡಲ್ಲ. ದತಿಯಾ ಸಂಸ್ಥಾನದಿಂದ ಆಹ್ವಾನ ಬಂದಾಗ ತಮ್ಮ ಪರಿವಾರಕ್ಕೆ ವಿಶೇಷ ರೈಲೇ ಬೇಕೆಂದು ಪಟ್ಟು ಹಿಡಿದರಂತೆ. ಸಾಕಿದ ಬೆಕ್ಕು ಮರಿ ಹಾಕಿದಾಗ 20,000 ರೂಪಾಯಿ ಖರ್ಚು ಮಾಡಿ ಔತಣ ಕೊಟ್ಟರಂತೆ. ಇಂಥ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂಬುದಕ್ಕಿಂತ, ಒಬ್ಬ ಗಾಯಕಿಯ ಕುರಿತು ಜನ ರಾಜಮಹಾರಾಜರ ಕುರಿತು ಮಾತನಾಡುವಂತೆ ಮಾತನಾಡಿದರು ಎಂಬುದು ಮುಖ್ಯ.

ಇನ್ನೊಂದು ಪ್ರಸಂಗವೂ ಪ್ರಚಲಿತದಲ್ಲಿದೆ. ಸ್ವರಾಜ್ಯ ನಿಧಿಗಾಗಿ ಕಚೇರಿ ನಡೆಸಿಕೊಡುವಂತೆ ಮಹಾತ್ಮ ಗಾಂಧೀಜಿ ಕೇಳಿದಾಗ, ಗಾಂಧೀಜಿ ಸ್ವತಃ ಬಂದು ಕೇಳಬೇಕು ಎಂಬ ಷರತ್ತಿನ ಮೇಲೆ ಗೌಹರ್ ಒಪ್ಪಿದರು. ಗಾಂಧೀಜಿಗೆ ಬರಲಾಗಲಿಲ್ಲ. ಮರುದಿನ ಹಣ ಪಡೆಯಲು ಮೌಲಾನಾ ಶೌಕತ್ ಅಲಿ ಬಂದಾಗ, ಸಂಗ್ರಹವಾದ 24,000 ರೂಪಾಯಿಗಳಲ್ಲಿ ಅವರು ಅರ್ಧವನ್ನು ಮಾತ್ರ ಕೊಟ್ಟು ಕಳುಹಿಸಿದರಂತೆ. ಷರತ್ತಿನ ಅರ್ಧ ಈಡೇರದಿದ್ದರೆ ಹಣವೂ ಅರ್ಧವೇ ಎಂಬುದು ಅವರ ಲೆಕ್ಕ. ತವಾಯಫ್‌ಗೂ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂಬ ಆಗ್ರಹ ಅದರಲ್ಲಿದೆ.

1910ರಲ್ಲಿ ಮದ್ರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಅವರ ಕಚೇರಿ ನಡೆಯಿತು. ಉತ್ತರದ ಸಂಗೀತಕ್ಕೆ ದಕ್ಷಿಣದಲ್ಲಿ ದೊರೆತ ಆದರ ಅದು. 1911ರ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರಿಗೆ ಐದನೇ ಜಾರ್ಜ್ ದೊರೆ ಬಂದಾಗ, ಅಲಹಾಬಾದಿನ ಜಾನಕಿಬಾಯಿ ಅವರೊಡನೆ ಗೌಹರ್ ಯುಗಳ ಗಾಯನ ಪ್ರಸ್ತುತಪಡಿಸಿದರು. ಇದು ಅವರ ಕೀರ್ತಿಯ ಉತ್ತುಂಗ.

ನ್ಯಾಯಾಲಯದ ಕಟಕಟೆಯಲ್ಲಿ

ಸಭೆಯಲ್ಲಿ ಗೆದ್ದವರು ಮನೆಯಲ್ಲಿ ಸೋಲುತ್ತ ಬಂದರು. 1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಅಲ್ಲಿಯವರೆಗೆ ಆಸ್ತಿ, ಆಳುಕಾಳು, ಲೆಕ್ಕಪತ್ರಗಳ ಮೇಲೆ ಕಣ್ಣಿಟ್ಟಿದ್ದವರು ಅವರೇ. ಗೌಹರ್ ಅವರಿಗೆ ಆಪ್ತರಾಗಿದ್ದ ಪಾರ್ಸಿ ರಂಗಭೂಮಿಯ ಪ್ರಸಿದ್ಧ ನಟ ಅಮೃತ್ ಕೇಶವ ನಾಯಕ್ ಮರುವರ್ಷವೇ ಅಕಾಲ ಮರಣಕ್ಕೆ ತುತ್ತಾದರು. ಒಂದರ ಮೇಲೊಂದು ಬಂದ ಈ ಆಘಾತಗಳು ಅವರನ್ನು ಒಂಟಿಯಾಗಿಸಿದವು.

ಇದೇ ಸಮಯಕ್ಕೆ, ಮನೆಯ ಸೇವಕಿಯ ಮಗನಾಗಿ ಅವರೊಡನೆಯೇ ಬೆಳೆದ ಭಗ್ಲೂ ಎಂಬಾತ ಮಲ್ಕಾ ಜಾನ್ ಅವರ ಆಸ್ತಿಗೆ ತಾನೇ ವಾರಸುದಾರನೆಂದು ದಾವೆ ಹೂಡಿದ. ಗೌಹರ್ ನ್ಯಾಯಬದ್ಧ ಸಂತಾನವಲ್ಲ ಎಂಬುದು ಆತನ ವಾದ. ಇಡೀ ದೇಶಕ್ಕೆ ಪರಿಚಿತವಾದ ಹೆಸರುಳ್ಳವರು ತಾವು ಯಾರ ಮಗಳು ಎಂಬುದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಯಿತು. ಹೆಂಡತಿ ಮಗಳನ್ನು ದಶಕಗಳ ಹಿಂದೆ ಬಿಟ್ಟುಹೋಗಿದ್ದ ಯೋವರ್ಡ್ ಅವರನ್ನು ಹುಡುಕಿ ಸಾಕ್ಷಿ ಹೇಳಿಸಬೇಕಾಯಿತು. ಆ ಸಾಕ್ಷ್ಯಕ್ಕಾಗಿ ತಂದೆ ಮಗಳ ಬಳಿ ಹಣ ಕೇಳಿದರು ಎಂದು ಅವರ ಜೀವನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಕೊನೆಗೆ ತೀರ್ಪು ಗೌಹರ್ ಪರವಾಗಿ ಬಂದಿತು. ಆದರೆ ಆ ಗೆಲುವಿನಲ್ಲಿ ಸಂತೋಷ ಪಡುವಂಥದ್ದು ಏನಿತ್ತು?

ಇದರ ಬೆನ್ನಿಗೇ ಮತ್ತೊಂದು ವ್ಯಾಜ್ಯ. ತಮಗಿಂತ ಕಿರಿಯರಾದ, ತಮ್ಮ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಸೈಯದ್ ಗುಲಾಮ್ ಅಬ್ಬಾಸ್ ಅವರೊಡನೆ ಗೌಹರ್ ಬಾಳುವೆ ಕಟ್ಟಿಕೊಂಡಿದ್ದರು. ಪ್ರೀತಿಯ ಭರದಲ್ಲಿ ಆಸ್ತಿಯನ್ನು ಅವರ ಹೆಸರಿಗೆ ಬರೆದುಕೊಟ್ಟರು. ಸಂಬಂಧ ಹಳಸಿದಾಗ ಅದನ್ನು ಮರಳಿ ಪಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವಕೀಲರ ಶುಲ್ಕ, ಸಾಲ, ಓಡಾಟಗಳಲ್ಲಿ ಸಂಪತ್ತು ಕರಗಿತು. ಕಂಪನಿಯ ಕರಾರಿನಲ್ಲಿ ಒಂದು ಪೈಸೆ ಬಿಡದವರು ಮನೆಯ ಕಾಗದಗಳಿಗೆ ನಂಬಿಕೆಯಿಂದ ಸಹಿ ಹಾಕಿದ್ದರು.

ಮೈಸೂರಿನ ಆಶ್ರಯ

1920ರ ದಶಕದಲ್ಲಿ ಗೌಹರ್ ಜಾನ್ ಕಲ್ಕತ್ತೆಯನ್ನು ತೊರೆದು ಊರಿಂದೂರಿಗೆ ಅಲೆದರು. ಆಗ ಕೈಹಿಡಿದವರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರು ಅರಮನೆ ಕರ್ನಾಟಕ ಸಂಗೀತದ ಆಶ್ರಯವಾಗಿದ್ದರೂ ಹಿಂದೂಸ್ತಾನಿ ಗಾಯಕರಿಗೆ ಅಲ್ಲಿ ಸದಾ ಬಾಗಿಲು ತೆರೆದಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನ್ ಅಲ್ಲಿ ಆಸ್ಥಾನ ವಿದ್ವಾಂಸರಾಗಿದ್ದರು. ಫಯಾಜ್ ಖಾನ್ ಅವರಿಗೆ ಅಲ್ಲಿಂದಲೇ ಬಿರುದು ಬಂದಿತ್ತು. ಮೈಸೂರಿಗೆ ಬಂದುಹೋಗುತ್ತಿದ್ದ ಅಬ್ದುಲ್ ಕರೀಂ ಖಾನ್ ದಾರಿಯಲ್ಲಿ ಧಾರವಾಡ ಸೀಮೆಯಲ್ಲಿ ತಂಗಿ ಪಾಠ ಹೇಳಿದ್ದರಿಂದಲೇ ಸವಾಯಿ ಗಂಧರ್ವರಂಥ ಗಾಯಕರು ನಮ್ಮ ಉತ್ತರ ಕರ್ನಾಟಕಕ್ಕೆ ದಕ್ಕಿದರು.

1928ರ ಆಗಸ್ಟ್ 1ರಂದು ಗೌಹರ್ ಅವರನ್ನು ಅರಮನೆಯ ಸಂಗೀತಗಾರರನ್ನಾಗಿ ನೇಮಿಸಲಾಯಿತು. ತಿಂಗಳಿಗೆ 500 ರೂಪಾಯಿ ಸಂಬಳ. ವಾಸಕ್ಕೆ ದಿಲ್‌ಖುಷ್ ಕಾಟೇಜ್ ಎಂಬ ಮನೆ. ಒಂದು ಸಂಜೆಯ ಹಾಡಿಗೆ ಇದರ ಎರಡರಷ್ಟು ಪಡೆದಿದ್ದ ಕಲಾವಿದೆ ಈಗ ತಿಂಗಳ ಸಂಬಳದ ನೌಕರಳು. ಬೆಲೆ ಕಟ್ಟುವ ಅಧಿಕಾರ ಅವರ ಕೈಯಿಂದ ಜಾರಿತ್ತು. ಹಾಗಿದ್ದರೂ 500 ರೂಪಾಯಿ ಅಂದಿಗೆ ಸಣ್ಣ ಮೊತ್ತವಲ್ಲ. ಮಹಾರಾಜರು ಅವರ ಯೋಗ್ಯತೆಯನ್ನು ಅರಿತೇ ನೀಡಿದ್ದರು ಎನ್ನಬೇಕು.

ಮೈಸೂರಿನ ವಾಸ ಒಂದೂವರೆ ವರ್ಷವೂ ತುಂಬಲಿಲ್ಲ. ಕಾಯಿಲೆಯಿಂದ ಕೃಷ್ಣರಾಜೇಂದ್ರ ಆಸ್ಪತ್ರೆ ಸೇರಿದ ಅವರು 1930ರ ಜನವರಿ 17ರಂದು ನಿಧನರಾದರು. ಕಣ್ಣು ಮುಚ್ಚುವಾಗ ಹತ್ತಿರದ ಬಂಧುಗಳೆಂದು ಹೇಳಿಕೊಳ್ಳುವವರು ಯಾರೂ ಬಳಿಯಲ್ಲಿರಲಿಲ್ಲ.

ಉಳಿದ ಧ್ವನಿ

ಅವರನ್ನು ಮರೆವಿನಿಂದ ಹೊರತಂದದ್ದು ಸಹ ಮೈಸೂರೇ. ಒಡೆಯರ ಇತಿಹಾಸವನ್ನು ಸಂಶೋಧಿಸುತ್ತಿದ್ದ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರಿಗೆ ಅರಮನೆಯ ಹಳೆಯ ಕಡತಗಳ ನಡುವೆ ಗೌಹರ್ ಅವರ ಕಾಗದಗಳು ಸಿಕ್ಕವು. ಆ ಎಳೆ ಹಿಡಿದು ಅವರು ಬರೆದ ಜೀವನ ಚರಿತ್ರೆ 2010ರಲ್ಲಿ ಪ್ರಕಟವಾಯಿತು. 2018ರಲ್ಲಿ ಅವರ 145ನೇ ಜನ್ಮದಿನದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ ಗೌರವಿಸಿತು.

ಗೌಹರ್ ತೆರೆದ ದಾರಿಯಲ್ಲಿ ಮುಂದೆ ನಮ್ಮ ಭಾಗದ ಗಾಯಕಿಯರೂ ನಡೆದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಧ್ವನಿ ತಟ್ಟೆಗಳಲ್ಲಿ ದೇಶವೆಲ್ಲ ಸುತ್ತಿತು. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಹೊರಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಸ್ವಂತ ಹೆಸರಿನಲ್ಲಿ ಪ್ರಸಿದ್ಧರಾಗಲು ಅವರು ಇನ್ನಷ್ಟು ಕಾಯಬೇಕಾಯಿತು.

ಸಿಂಧನೂರು ತಾಲ್ಲೂಕು ಹೊರಗಿನಿಂದ ಬಂದವರನ್ನು ಬಲ್ಲ ನೆಲ. ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದವರ ಕ್ಯಾಂಪುಗಳು ಇಲ್ಲಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪುಗಳೂ ಇವೆ. ಅಲ್ಲಿನ ಹಿರಿಯರ ಮಾತೃಭಾಷೆಯಾದ ಬಂಗಾಳಿಯಲ್ಲಿ ಗೌಹರ್ ಎಷ್ಟೋ ಹಾಡುಗಳನ್ನು ಹಾಡಿದ್ದಾರೆ. ತಾವು ಯಾರು, ಎಲ್ಲಿಯವರು ಎಂಬುದನ್ನು ಕಾಗದದಲ್ಲಿ ತೋರಿಸಬೇಕಾದ ಕಷ್ಟ ಏನೆಂಬುದು ಆ ಕ್ಯಾಂಪುಗಳ ಜನರಿಗೆ ಚೆನ್ನಾಗಿ ಗೊತ್ತು. ದಶಕಗಳ ಕಾಲ ಅವರು ಪೌರತ್ವಕ್ಕಾಗಿ ಕಾದಿದ್ದಾರೆ.

ಗೌಹರ್ ಜಾನ್ ಅವರಿಗೂ ಕಾಗದಗಳು ಕೈಕೊಟ್ಟವು. ಚಿತ್ಪುರದ ಮನೆ, ಒಡವೆ, ಹಣ ಯಾವುದೂ ಅವರದಾಗಿ ಉಳಿಯಲಿಲ್ಲ. ಉಳಿದದ್ದು ಮೂರು ನಿಮಿಷದ ತಟ್ಟೆಗಳು ಮತ್ತು ಅವುಗಳ ಕೊನೆಯಲ್ಲಿ ಕೇಳಿಬರುವ ಹೆಸರು. ಆ ಹಳೆಯ ಮುದ್ರಿಕೆಗಳು ಇಂದು ಅಂತರ್ಜಾಲದಲ್ಲಿ ಕೇಳಲು ಸಿಗುತ್ತವೆ. ಆಸಕ್ತರು ಒಮ್ಮೆ ಕೊನೆಯವರೆಗೂ ಆಲಿಸಬೇಕು.